ಮೂರು ಗಂಟೆಯ ಜೇಡ

ನನ್ನ ತವರು ಹೊಕ್ಕೈಡೊ. ಅಲ್ಲಿ ಜೇಡವೆಂದರೆ
ಉಗುರಿನಷ್ಟು, ಊದಿದರೆ ಹಾರಿಹೋಗುವಂಥದು.
ಮದುವೆಯಾಗಿ ತೆಂಕಣ ಕಡಲ ಸುಸಾಕಿಗೆ ಬಂದ ಮೊದಲ ಬೇಸಿಗೆ
ಬಚ್ಚಲ ಗೋಡೆಯ ಮೇಲೆ ಯಾರದೋ ಅಂಗೈ.
ಬೆರಳು ಎಂಟು.
ನಾನು ಕಿರುಚಿದ್ದು ಮೀನುಪೇಟೆಗೂ ಕೇಳಿಸಿತಂತೆ.

ಅತ್ತೆ ತ್ಸುರುಯೊ ಒದ್ದೆ ಕೈ ಒರೆಸುತ್ತ ಬಂದು
ಗೋಡೆ ನೋಡಲಿಲ್ಲ, ಗಡಿಯಾರ ನೋಡಿದಳು.
"ಏಳೂವರೆ. ಬೆಳಗಿನ ಜೇಡ ನೆಂಟ, ಬಿಡು.
ರಾತ್ರಿ ಬಂತೋ,
ಹೆತ್ತವ್ವನ ಮುಖವೇ ಹೊತ್ತು ಬಂದರೂ
ಹೊಡೆದುಹಾಕು."
ನಾಡಿಗೆ ಅದು ಗಾದೆ. ಆ ಮನೆಗೆ ಕಾನೂನು.

ನನಗೆ ನೆಂಟನೂ ಬೇಡ, ಕೊಲೆಯೂ ಬೇಡ.
ಬಾರದಿದ್ದರೆ ಸಾಕು.

ಅವ್ವ ಅಂಚೆಯಲ್ಲಿ ಕಳಿಸಿದಳು
ಕಿತಾಮಿಯ ಪುದೀನ ಎಣ್ಣೆ, ಹೆಬ್ಬೆರಳುದ್ದದ ಸೀಸೆ.
ನೀರಿಗೆ ಹತ್ತು ಹನಿ ಬೆರೆಸಿ
ಕಿಟಕಿ ಚೌಕಟ್ಟು, ಬಾಗಿಲ ಸಂದು, ಮೋರಿಯ ಬಾಯಿ,
ಎಲ್ಲೆಲ್ಲೂ ಚಿಮುಕಿಸಿದೆ.
ಮನೆಯೆಲ್ಲ ತಣ್ಣಗೆ ನನ್ನ ತವರಿನ ವಾಸನೆ.
ಮೂರನೆಯ ದಿನ ಕ್ಷೌರದಂಗಡಿಯ ಕುಮಗಾಯಿ ಬಂದು
ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಬಹು ವಿನಯದಿಂದ,
"ಈ ವಾರದ ತೋಫು... ಹಲ್ಲುಜ್ಜಿದ ಹಾಗಿದೆ" ಎಂದ.
ತೋಫು ಹಾಗೆಯೇ, ಪಕ್ಕದಲ್ಲಿ ಏನಿದ್ದರೂ ಅದರ ಗುಣ ಕುಡಿಯುತ್ತದೆ.
ಸೊಸೆಯ ಹಾಗೆ, ಎಂದಳು ಅತ್ತೆ.
ನಕ್ಕಳೋ ಇಲ್ಲವೋ. ಬೆನ್ನು ಈಚೆಗಿತ್ತು.

ಆಮೇಲೆ ಬೇರೆ ದಾರಿ.
ಸೊಳ್ಳೆಪರದೆಯ ತೂತಿಗೆ ತೇಪೆ, ಪೈಪಿನ ಸುತ್ತ ಸಿಮೆಂಟು.
ಅಂಗಡಿ ಮುಂದಿನ ದೀಪ ಎಂಟಕ್ಕೇ ಬಂದ್:
ದೀಪಕ್ಕೆ ಹುಳು, ಹುಳುವಿಗೆ ಜೇಡ.
ರಟ್ಟಿನ ಪೆಟ್ಟಿಗೆ ಎತ್ತಿದರೆ
ಅಡಿಯಲ್ಲಿ ಜಿರಲೆಗಳ ತುಂಬು ಸಂಸಾರ.
"ಇದು ಬಲೆ ಕಟ್ಟಿ ಕೂರುವ ಜಾತಿಯಲ್ಲ,
ತಿರುಗಿ ಉಣ್ಣುವ ಜಾತಿ.
ಓಡಿಸಬೇಕೆ? ಮೊದಲು ಅದರ ಅನ್ನ ಓಡಿಸು"
ಎಂದವಳು ತಾನೂ ಪೊರಕೆ ಹಿಡಿದಳು.
ಸೋಯಾ ಮೂಟೆಗಳ ಹಿಂದೆ, ಮೊಣಕಾಲೂರಿ,
ನಾವಿಬ್ಬರೂ ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಆದರೂ ಬರುತ್ತಿದ್ದವು, ವರ್ಷಕ್ಕೊಂದೋ ಎರಡೋ.
ರಾತ್ರಿ ಬಂದದ್ದರ ಮೇಲೆ ಗಾಜಿನ ಬಟ್ಟಲು ಕವುಚಿ,
ಕೆಳಗೆ ಕ್ಯಾಲೆಂಡರಿನ ಹಾಳೆ ತೂರಿಸಿ,
ಕಿತ್ತಳೆ ಗಿಡಗಳ ಕಡೆ ನಡುಗುತ್ತ ನಡೆದು ಬಿಟ್ಟುಬರುತ್ತಿದ್ದೆ.
"ಹೊಡೆದೆಯಾ?"
"ಹೊಡೆದೆ."
ಅವಳು ನನ್ನ ಚಪ್ಪಲಿಯ ಅಡಿ ನೋಡಿ ಸುಮ್ಮನಾಗುತ್ತಿದ್ದಳು.
ಹೀಗೆ ಹನ್ನೊಂದು ಬೇಸಿಗೆ.

ಈ ಫೆಬ್ರುವರಿಯಲ್ಲಿ ಅತ್ತೆ ಹೋದಳು.
ಆಗಸ್ಟಿನಲ್ಲಿ ಓಬೊನ್, ಅವಳು ಅತಿಥಿಯಾಗಿ ಬರುವ ಮೊದಲ ಸಲ.
ದಾರಿ ತಪ್ಪದಿರಲೆಂದು ಬಿಳಿ ಲಾಟೀನು ಕಟ್ಟಿದೆವು.
ಎಂಟಕ್ಕೆ ದೀಪ ಆರಿಸುವ ನನ್ನ ಕಾನೂನು
ಆ ರಾತ್ರಿಗಳಲ್ಲಿ ನಡೆಯಲಿಲ್ಲ.

ಹದಿನಾಲ್ಕರ ಮೂರು ಗಂಟೆ.
ಹೊರಗೆ ಕಗ್ಗತ್ತಲೆ, ಬೆವರುವ ಗಾಳಿ.
ಕಾಳು ರುಬ್ಬುವ ಯಂತ್ರ ಆಗಲೇ ಗುರುಗುಡುತ್ತಿತ್ತು.
ಊದುಬತ್ತಿ ಹಚ್ಚಲು ಹೋದವಳು ಕಂಡೆ,
ಅವಳ ಪಟದ ಎಡಗಡೆ,
ಅಂಗೈಯಷ್ಟು.

ಯಾಸುಹೇ ಚಪ್ಪಲಿ ಹಿಡಿದು ಬಂದ. ಬಂದು ನಿಂತ.
"ಇದು ರಾತ್ರಿಯೋ, ಬೆಳಗೋ?"
ಊರಿಗೆ ಇನ್ನೂ ರಾತ್ರಿ.
ತೋಫು ಮಾಡುವ ಮನೆಗೆ ಎರಡಕ್ಕೇ ಬೆಳಗು.
ಗಡಿಯಾರ ನೋಡಿ ಹೇಳುವವಳು
ಪಟದಲ್ಲಿದ್ದಳು.

ಅದು ಕದಲಲಿಲ್ಲ.
ಬೆನ್ನು ಈಚೆಗಿತ್ತು.

"ಹಾಲು ಉಕ್ಕುತ್ತಿದೆ" ಎಂದೆ, "ಬೆಳಗಾಯಿತು."
ಅವನು ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡ.

ಹದಿನಾರರ ಸಂಜೆ ಲಾಟೀನು ಇಳಿಸಿದೆವು. ಗೋಡೆ ಖಾಲಿ.
ಎಂಟಕ್ಕೆ ದೀಪ ಆರಿಸಿ,
ಮೂಟೆ ಸರಿಸಿ, ಹಿಂದೆ ಗುಡಿಸಿದೆ. ಒಬ್ಬಳೇ.
ಒಂದು ಜಿರಲೆ ಸಿಕ್ಕಿತು, ಮೀಸೆ ಆಡಿಸುತ್ತ.
ಪೊರಕೆ ಎತ್ತಿದವಳು
ಯಾಕೋ, ಬಿಟ್ಟೆ.